ನಿಪ್ಪೂರಿನ ಹಲಗೆಮನೆ

ಮೆಸೊಪೊಟೇಮಿಯ ಎಂದೊಡನೆ ಬ್ಯಾಬಿಲೋನಿನ ತೂಗುತೋಟವನ್ನೂ ಹಮ್ಮುರಾಬಿಯ ಕಾನೂನನ್ನೂ ನೆನೆಯುವವರೇ ಹೆಚ್ಚು. ಮೇಷ್ಟರಾಗಿ ಬಾಳಿದ ನನಗೆ ಮಾತ್ರ ಆ ನಾಡಿನಲ್ಲಿ ಎಲ್ಲಕ್ಕಿಂತ ಆಪ್ತವಾದ ಊರು ನಿಪ್ಪೂರು.

ಬಾಗ್ದಾದಿನ ಆಗ್ನೇಯಕ್ಕೆ ನುಫ್ಫರ್ ಎಂಬ ದಿಬ್ಬವಾಗಿ ಉಳಿದಿರುವ ಈ ಊರಿನಲ್ಲಿ ಸುಮೇರಿಯನ್ನರ ಪರಮದೈವ ಎನ್ಲಿಲನ ಆಲಯವಿತ್ತು. 1889ರಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದವರು ಇಲ್ಲಿ ಉತ್ಖನನ ಆರಂಭಿಸಿದರು. ಆದರೆ ನಾನು ಹೇಳಹೊರಟಿರುವುದು ದೇವಾಲಯದ ವಿಷಯವಲ್ಲ. 1951-52ರಲ್ಲಿ ಅಗೆದು ತೆಗೆದ ಒಂದು ಪುಟ್ಟ ಮನೆಯದು. ವಿದ್ವಾಂಸರು ಅದಕ್ಕೆ 'ಎಫ್ ಮನೆ' ಎಂದಷ್ಟೇ ಹೆಸರಿಟ್ಟಿದ್ದಾರೆ.

ಅಲ್ಲಿ ಸಿಕ್ಕಿದ್ದು ಚಿನ್ನವಲ್ಲ, ಸುಮಾರು 1400 ಜೇಡಿಮಣ್ಣಿನ ಹಲಗೆಗಳು ಮತ್ತು ಚೂರುಗಳು. ಕ್ರಿ.ಪೂ. 18ನೆಯ ಶತಮಾನದಲ್ಲಿ ಅದೊಂದು ಶಾಲೆಯಾಗಿತ್ತು. ಶಾಲೆಗೆ ಸುಮೇರಿಯನ್ ಭಾಷೆಯಲ್ಲಿ 'ಎದುಬ್ಬ' ಎನ್ನುತ್ತಿದ್ದರು. ಹಲಗೆಮನೆ ಎಂದೇ ಅದರ ಅರ್ಥ. ಹಲಗೆಯ ಎಡಬದಿಯಲ್ಲಿ ಗುರುವಿನ ಮೇಲ್ಪಂಕ್ತಿ, ಬಲಬದಿಯಲ್ಲಿ ಶಿಷ್ಯನ ನಕಲು. ಅಳಿಸಿ ಅಳಿಸಿ ಬರೆದುದರಿಂದ ಬಲಬದಿ ಸವೆದು ತೆಳ್ಳಗಾಗಿದೆ! ಮೊದಲ ಪಾಠಗಳಲ್ಲೊಂದು ತು-ತ-ತಿ, ನು-ನ-ನಿ. ನಮ್ಮ ಕಾಗುಣಿತವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಆಮೇಲೆ ಪದಪಟ್ಟಿಗಳು, ಅರವತ್ತನ್ನು ಆಧಾರವಾಗಿರಿಸಿಕೊಂಡ ಮಗ್ಗಿ, ಕೊನೆಗೆ ಕಾವ್ಯ.

ಇಲ್ಲೊಂದು ಸೋಜಿಗವಿದೆ. ಈ ಮಕ್ಕಳು ಮನೆಯಲ್ಲಿ ಆಡುತ್ತಿದ್ದುದು ಅಕ್ಕಾಡಿಯನ್. ಅವರು ತಿದ್ದುತ್ತಿದ್ದ ಸುಮೇರಿಯನ್ ಆ ವೇಳೆಗಾಗಲೇ ಆಡುಮಾತಾಗಿ ಉಳಿದಿರಲಿಲ್ಲ. ಅರಮನೆಯ ಶಾಸನಗಳೊಂದರಿಂದಲೇ ಅದರ ಕಾವ್ಯಸಂಪತ್ತು ನಮಗೆ ದಕ್ಕುತ್ತಿರಲಿಲ್ಲ. ಗಿಲ್ಗಮೇಶನ ಸುಮೇರಿಯನ್ ಕಥೆಗಳೂ ದೇವತಾಸ್ತುತಿಗಳೂ ಬಹುಮಟ್ಟಿಗೆ ನಮಗೆ ಉಳಿದುಬಂದಿರುವುದು ಇಂಥ ಹುಡುಗರ ಅಭ್ಯಾಸದ ಹಲಗೆಗಳಿಂದ. ಕಾಗುಣಿತದ ತಪ್ಪುಗಳೂ ಅವುಗಳೊಡನೆಯೇ ಉಳಿದಿವೆ. ತಿದ್ದಿ ತಿದ್ದಿ ಬೇಸತ್ತಿದ್ದ ಆ ಗುರುಗಳು ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ!

ಛಡಿಯೇಟಿನ ವಿಷಯವನ್ನೂ ಹೇಳಬೇಕಲ್ಲವೆ? ಸುಮೇರಿಯನ್ ವಿದ್ವಾಂಸ ಸ್ಯಾಮ್ಯುಯೆಲ್ ನೋವಾ ಕ್ರೇಮರ್ 1949ರಲ್ಲಿ ಪ್ರಕಟಿಸಿದ ಒಂದು ಶಾಲಾಪ್ರಬಂಧದಲ್ಲಿ, ಹುಡುಗನೊಬ್ಬ ದಿನವಿಡೀ ಏಟು ತಿನ್ನುತ್ತಾನೆ. ಕೊನೆಗೆ ಅವನ ತಂದೆ ಗುರುವನ್ನು ಮನೆಗೆ ಕರೆದು, ಉಣಬಡಿಸಿ, ಉಡುಗೊರೆ ಕೊಟ್ಟ ಮೇಲೆ ಅದೇ ಹುಡುಗ ಜಾಣನೆನಿಸಿಕೊಳ್ಳುತ್ತಾನೆ. ನಮ್ಮ ವೃತ್ತಿಯ ಮೇಲಿನ ಈ ಕುಚೋದ್ಯಕ್ಕೆ ನಾಲ್ಕು ಸಾವಿರ ವರ್ಷಗಳಷ್ಟು ವಯಸ್ಸಾಗಿದೆ.

ಆ ಹಲಗೆಗಳನ್ನು ಜೋಪಾನಮಾಡಬೇಕೆಂದು ಅಲ್ಲಿ ಯಾರೂ ಬಗೆದಿರಲಿಲ್ಲ. ಬರೆದು ಮುಗಿದವನ್ನು ನೀರಿನಲ್ಲಿ ನೆನೆಸಿ, ನಾದಿ, ಹೊಸ ಹಲಗೆ ತಟ್ಟುತ್ತಿದ್ದರು. ಉಳಿದವನ್ನು ಮನೆಯ ದುರಸ್ತಿಯಲ್ಲಿ ನೆಲಕ್ಕೂ ಗೋಡೆಗೂ ಸೇರಿಸಿಬಿಟ್ಟರು. ಹಾಗೆ ನೆಲದಡಿ ಸೇರಿದವು ಇಂದು ಬಾಗ್ದಾದ್, ಷಿಕಾಗೊ, ಫಿಲಡೆಲ್ಫಿಯ ನಗರಗಳ ಸಂಗ್ರಹಾಲಯಗಳಲ್ಲಿ ಹಂಚಿಹೋಗಿವೆ.