ಧಾತು ಬರದ ಕಾಲದಲ್ಲಿ ನಮ್ಮ ಸೀಮೆ

1827ನೆಯ ಇಸವಿ ಜುಲೈ 6ರಂದು ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ ಅವರು ಪತ್ತಿಕೊಂಡದಲ್ಲಿ ಕಾಲರಾ ತಗಲಿ ತೀರಿಕೊಂಡರು. ಬೆಳಗ್ಗೆ ರೋಗ ಕಾಣಿಸಿತು. ರಾತ್ರಿಯಾಗುವುದರೊಳಗೆ ಪ್ರಾಣ ಹೋಯಿತು. 1800ರಲ್ಲಿ ನಿಜಾಮರು ಕಂಪೆನಿಗೆ ಬಿಟ್ಟುಕೊಟ್ಟ ದತ್ತಮಂಡಲಕ್ಕೆ ಮೊದಲ ಪ್ರಧಾನ ಕಲೆಕ್ಟರಾಗಿದ್ದವರು ಇವರೇ. ಸ್ವದೇಶಕ್ಕೆ ಮರಳುವ ಮುನ್ನ ತಮಗೆ ಪ್ರಿಯವಾಗಿದ್ದ ಈ ಸೀಮೆಯನ್ನು ಕಡೆಯ ಬಾರಿ ನೋಡಿಹೋಗಬೇಕೆಂದು ಬಂದಿದ್ದರು. ಜನರು ತಮ್ಮ ಮಕ್ಕಳಿಗೆ ‘ಮನ್ರೋಲಪ್ಪ’ ಎಂದು ಹೆಸರಿಡುತ್ತಿದ್ದರೆಂದರೆ ಅವರ ಮೇಲಿದ್ದ ವಿಶ್ವಾಸವನ್ನು ಊಹಿಸಬಹುದು. ಅವರ ನೆನಪಿಗಾಗಿ ಪತ್ತಿಕೊಂಡದಲ್ಲಿ ಒಂದು ಬಾವಿಯನ್ನು ಕಟ್ಟಿಸಿ, ತೋಪನ್ನು ನೆಡಿಸಿದರು.

ಗವರ್ನರರ ಪಾಳೆಯದಲ್ಲಿ ಆಳುಕಾಳುಗಳಿಗೆ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ತಿಳಿವಳಿಕೆಗೆ. ಕಾಲರಾ ನೀರಿನಿಂದ ಹರಡುತ್ತದೆಂದು ಲಂಡನ್ನಿನಲ್ಲಿ ಜಾನ್ ಸ್ನೋ ಎಂಬ ವೈದ್ಯನು ತೋರಿಸಿಕೊಟ್ಟದ್ದು 1854ರಲ್ಲಿ. ರಾಬರ್ಟ್ ಕಾಖನು ಕಲಕತ್ತೆಯ ಕೆರೆಯ ನೀರಿನಲ್ಲಿ ಆ ರೋಗಾಣುವನ್ನು ಗುರುತಿಸಿದ್ದು 1884ರಲ್ಲಿ. ಈ ಎರಡು ಇಸವಿಗಳ ನಡುವೆಯೇ ನಮ್ಮ ಸೀಮೆಯ ಮಹಾಕ್ಷಾಮವು ಬಂದುಹೋಯಿತು.

ಹಿರಿಯರು ಅದನ್ನು ಧಾತು ಬರವೆಂದು ಕರೆದರು. ಧಾತು ಸಂವತ್ಸರದಲ್ಲಿ, ಎಂದರೆ 1876ರಲ್ಲಿ, ಮುಂಗಾರು ಹಿಂಗಾರುಗಳೆರಡೂ ಕೈಕೊಟ್ಟವು. ಮುಂದಿನ ಈಶ್ವರ ಸಂವತ್ಸರದಲ್ಲಿಯೂ ಸಂಕಟ ತೀರಲಿಲ್ಲ. ಆಗ ಆದವಾನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಗೆ ಸೇರಿದ್ದುವು. ಮದರಾಸು ಪ್ರಾಂತದಲ್ಲಿ ಅತಿಯಾಗಿ ನೊಂದ ಜಿಲ್ಲೆಗಳಲ್ಲಿ ಬಳ್ಳಾರಿ, ಕರ್ನೂಲುಗಳು ಮುಂಚೂಣಿಯಲ್ಲಿದ್ದುವು. 1871ರ ಜನಗಣತಿಯನ್ನೂ 1881ರದನ್ನೂ ಹೋಲಿಸಿ ನೋಡಿದರೆ ಬಳ್ಳಾರಿ ಜಿಲ್ಲೆಯಲ್ಲಿ ಐವರಲ್ಲಿ ಒಬ್ಬರಂತೆ ಜನ ಕಡಿಮೆಯಾಗಿದ್ದರು. ನೆರೆಯ ಮೈಸೂರು ಸಂಸ್ಥಾನದಲ್ಲಿ 50 ಲಕ್ಷವಿದ್ದ ಜನಸಂಖ್ಯೆ 42 ಲಕ್ಷಕ್ಕೆ ಇಳಿದಿತ್ತು. ಹತ್ತು ವರ್ಷಗಳಲ್ಲಿ ಹೆಚ್ಚಬೇಕಾಗಿದ್ದ ಸಂಖ್ಯೆ ಹೀಗೆ ಇಳಿಯಿತೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಕಾಳು ಎಲ್ಲಿಯೂ ಇರಲಿಲ್ಲವೆಂದು ತಿಳಿಯುವುದು ತಪ್ಪು. ಮದರಾಸಿನಿಂದ ರಾಯಚೂರಿಗೆ ಹೋಗುವ ರೈಲು ದಾರಿ 1871ರಲ್ಲಿಯೇ ಆದವಾನಿಯ ಮೇಲೆ ಹಾದು ಪೂರ್ಣವಾಗಿತ್ತು. ಆದರೆ ಬಂಡಿಯಲ್ಲಿ ಬಂದಿಳಿದ ಕಾಳನ್ನು ಕೊಳ್ಳಲು ಕೂಲಿಕಾರನ ಕೈಯಲ್ಲಿ ಕಾಸಿರಲಿಲ್ಲ. ಹೊಲದಲ್ಲಿ ಕೆಲಸವಿಲ್ಲದ ಮೇಲೆ ಕೂಲಿ ಎಲ್ಲಿಂದ ಬರಬೇಕು? ಊಟಕ್ಕೇ ಇಲ್ಲದ ಜನ ಬಟ್ಟೆ ಕೊಳ್ಳುವರೆ? ಆದಕಾರಣ ನೇಕಾರರ ಮಗ್ಗಗಳೂ ನಿಂತುಹೋದುವು. ಮೇವಿಲ್ಲದೆ ಎತ್ತುಗಳು ಸತ್ತದ್ದರಿಂದ ಸ್ಟೇಷನ್ನಿನಿಂದ ದೂರದ ಹಳ್ಳಿಗಳಿಗೆ ಮೂಟೆ ಸಾಗಿಸುವುದೂ ದುಸ್ತರವಾಯಿತು.

ಸರಕಾರವು ಪರಿಹಾರ ಕಾಮಗಾರಿಗಳನ್ನು ತೆರೆಯಿತು. ಇಲ್ಲಿಂದ ಮುಂದೆ ನಡೆದ ವಿವಾದವೇ ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ಮುಖ್ಯ ಭಾಗ. ವೈಸರಾಯ್ ಲಾರ್ಡ್ ಲಿಟ್ಟನ್ನರು 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು ಮದರಾಸು ಪ್ರಾಂತಕ್ಕೆ ಕಳುಹಿಸಿದರು. ಈ ಟೆಂಪಲ್ಲರು ಮೂರು ವರ್ಷಗಳ ಹಿಂದೆ ಬಿಹಾರದ ಬರದಲ್ಲಿ ಬರ್ಮಾದಿಂದ ಅಕ್ಕಿ ತರಿಸಿ ಅಸಂಖ್ಯ ಜನರನ್ನು ಉಳಿಸಿದ್ದವರು. ಅದಕ್ಕೆ ಅವರಿಗೆ ದೊರೆತ ಬಹುಮಾನವೆಂದರೆ ದುಂದುಗಾರನೆಂಬ ನಿಂದೆ! ಈ ಸಲ ಮಿತವ್ಯಯವನ್ನು ಸಾಧಿಸಿ ತೋರಿಸಲು ಹೊರಟು, ಇಡೀ ದಿನ ಮಣ್ಣು ಹೊರುವ ಗಂಡಾಳಿಗೆ ಒಂದು ಪೌಂಡು ಕಾಳು ಮತ್ತು ಸ್ವಲ್ಪ ಕಾಸು ಸಾಕೆಂದು ಗೊತ್ತುಮಾಡಿದರು. ಒಂದು ಪೌಂಡೆಂದರೆ ಅರ್ಧ ಕಿಲೋಗ್ರಾಮಿಗೂ ಕಡಿಮೆ. ಜೋಳದ ರೊಟ್ಟಿ ಉಂಡು ಎರೆಹೊಲದಲ್ಲಿ ದುಡಿಯುವ ನಮ್ಮ ಸೀಮೆಯ ಯಾವ ತಾಯಿಯಾದರೂ ಈ ಲೆಕ್ಕವನ್ನು ಒಪ್ಪುತ್ತಿರಲಿಲ್ಲ.

ಒಪ್ಪದಿದ್ದವರು ಇನ್ನೊಬ್ಬರೂ ಇದ್ದರು. ಮದರಾಸಿನ ಆರೋಗ್ಯಾಧಿಕಾರಿ, ಸ್ಯಾನಿಟರಿ ಕಮಿಷನರ್ ಡಾಕ್ಟರ್ ವಿಲಿಯಂ ಕಾರ್ನಿಷ್. 1871ರ ಜನಗಣತಿಯ ವರದಿಯನ್ನು ಬರೆದವರೂ ಅವರೇ. ದುಡಿಯುವ ದೇಹಕ್ಕೆ ಒಂದೂವರೆ ಪೌಂಡಿಗೆ ಕಡಿಮೆಯಿಲ್ಲದಷ್ಟು ಕಾಳೂ ಬೇಳೆಯೂ ಬೇಕೆಂದು ಅವರು ಬರೆದರು. ಈ ಕೂಲಿಯನ್ನೇ ಮುಂದುವರಿಸಿದರೆ ಜನರು ಕ್ಷಾಮಕ್ಕಲ್ಲ, ಕ್ಷಾಮಪರಿಹಾರಕ್ಕೇ ಬಲಿಯಾಗುವರೆಂಬುದು ಅವರ ವಾದದ ತಿರುಳು. ವಾದ ನಡೆಯುತ್ತಿದ್ದಾಗಲೇ ಶಿಬಿರಗಳಲ್ಲಿ ಕಾಲರಾ, ಭೇದಿ ಹಬ್ಬಿದುವು. ಕಡೆಗೆ 1877ರಲ್ಲಿಯೇ ಮದರಾಸು ಸರಕಾರವು ಕೂಲಿಯನ್ನು ಹೆಚ್ಚಿಸಿತು. ಖಜಾನೆಯ ಲೆಕ್ಕ ಬಲ್ಲವನೂ ದೇಹದ ಲೆಕ್ಕ ಬಲ್ಲವನೂ ಮೊದಲ ದಿನವೇ ಒಟ್ಟಿಗೆ ಕುಳಿತು ನಿರ್ಣಯಿಸಿದ್ದರೆ ಆ ನಡುವಣ ತಿಂಗಳುಗಳಲ್ಲಿ ಎಷ್ಟು ಜನ ಉಳಿಯುತ್ತಿದ್ದರೋ!

ಅದೇ ವರ್ಷ ಆಗಸ್ಟಿನಲ್ಲಿ ಮದರಾಸಿನ ನಾಗರಿಕರು ಸಭೆ ಸೇರಿ ಲಂಡನ್ನಿನ ಮೇಯರರಿಗೆ ತಂತಿ ಕಳುಹಿಸಿದರು. ಲಕ್ಷಾಂತರ ಪೌಂಡುಗಳ ನಿಧಿ ಕೂಡಿಬಂದಿತು. ಅದನ್ನು ಹಂಚಲು ಜಿಲ್ಲೆಗಳಲ್ಲಿ ಸ್ಥಳೀಯ ಸಮಿತಿಗಳಾದುವು. ಅಧಿಕಾರಿಗಳು, ಮಿಷನರಿಗಳು, ಊರಿನ ಪ್ರಮುಖರು ಅವುಗಳಲ್ಲಿದ್ದರು. ಸರಕಾರವು ಗಂಜಿಯನ್ನೂ ಕೂಲಿಯನ್ನೂ ನೋಡಿಕೊಳ್ಳಲಿ, ಅದು ಮುಟ್ಟದ ಕಡೆಗೆ ನಾವು ಮುಟ್ಟೋಣವೆಂಬುದು ಅವರ ಕ್ರಮ. ಮಳೆ ಬಂದ ಮೇಲೆ ರೈತನಿಗೆ ಬಿತ್ತನೆಯ ಬೀಜ, ಎತ್ತು, ಮನೆಯ ಹೊದಿಕೆಗೆ ಹಣ, ಮೈಗೆ ಬಟ್ಟೆ ಈ ನಿಧಿಯಿಂದ ದೊರೆತುವು. ಮದರಾಸಿನಲ್ಲಿ ಈ ನಿಧಿಯ ಕಾರ್ಯದರ್ಶಿಯಾಗಿದ್ದ ವಿಲಿಯಂ ಡಿಗ್ಬಿ ಎಂಬ ಪತ್ರಕರ್ತರು ಎಲ್ಲವನ್ನೂ ಎರಡು ಸಂಪುಟಗಳಲ್ಲಿ ಬರೆದಿಟ್ಟರು. ಅಷ್ಟು ಹೊತ್ತಿಗೆ ಸಾಯಬೇಕಾದವರೆಲ್ಲ ಸತ್ತಿದ್ದರೆಂಬುದು ಬೇರೆ ಮಾತು.

1878ರಲ್ಲಿ ಸರ್ ರಿಚರ್ಡ್ ಸ್ಟ್ರೇಚಿಯವರ ಅಧ್ಯಕ್ಷತೆಯಲ್ಲಿ ಕ್ಷಾಮ ಕಮಿಷನ್ ನೇಮಕವಾಯಿತು. ಮುಂದೆ ಮೈಸೂರಿನ ದಿವಾನರಾಗಿ 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದ ಸಿ. ರಂಗಾಚಾರ್ಲು ಅವರೂ ಅದರಲ್ಲಿ ಕೆಲಸ ಮಾಡಿದ್ದರು. 1880ರ ವರದಿಯ ಫಲವಾಗಿ ಕ್ಷಾಮ ಸಂಹಿತೆಗಳು ಹುಟ್ಟಿದುವು. ಈ ಸಂಹಿತೆ ಓದಲು ಬಹು ನೀರಸ. ಆದರೆ ಅದರ ಗುಣವೆಲ್ಲ ಆ ನೀರಸತೆಯಲ್ಲಿಯೇ ಇದೆ. ಮಳೆಯ ಅಳತೆ, ಕಾಳಿನ ಧಾರಣೆ, ಗುಳೆ ಹೊರಟವರ ಸುದ್ದಿ ಇವನ್ನು ಹಳ್ಳಿಯ ರೆಡ್ಡಿ, ಕರಣಿಕರು ಮೇಲಕ್ಕೆ ತಿಳಿಸುತ್ತಿರಬೇಕು. ಸಂದೇಹ ಬಂದೊಡನೆ ಪರೀಕ್ಷಾ ಕಾಮಗಾರಿಯನ್ನು ತೆರೆಯಬೇಕು; ಜನ ಬಂದರೆ ಬರ ನಿಜವೆಂದರ್ಥ. ಅಗೆಯಬೇಕಾದ ಕೆರೆ, ಹಾಕಬೇಕಾದ ರಸ್ತೆಗಳ ಪಟ್ಟಿ ಒಳ್ಳೆಯ ಕಾಲದಲ್ಲಿಯೇ ಸಿದ್ಧವಿರಬೇಕು. ಕೆಲಸದ ಸ್ಥಳದಲ್ಲಿ ಕುಡಿಯುವ ನೀರಿಗೆ ಕಾವಲು, ಆಸ್ಪತ್ರೆ, ಮಕ್ಕಳಿಗೆ ಅಡುಗೆಮನೆ ಇರಬೇಕು. ಯಾವ ಅಧಿಕಾರಿ ಯಾವ ಕೆಲಸ ಮಾಡಬೇಕೆಂಬುದು ಮೊದಲೇ ಬರೆದಿರಬೇಕು. 1896-97ರಲ್ಲಿ ಬಳ್ಳಾರಿ ಸೀಮೆಗೆ ಮತ್ತೆ ಬರ ಬಂದಾಗ ಈ ಸಂಹಿತೆಯಂತೆ ನಡೆದರು. ಧಾತು ಬರದಂಥ ಸಾವು ಮರುಕಳಿಸಲಿಲ್ಲ.

ಅದರ ಬೆನ್ನಿಗೇ ಪ್ಲೇಗು ಬಂದಿತು. ಪುಣೆಯಲ್ಲಿ ಪ್ಲೇಗಿನ ಅಧಿಕಾರಿ ರ‍್ಯಾಂಡನು ಸಿಪಾಯಿಗಳನ್ನು ಮನೆಗಳೊಳಕ್ಕೆ ನುಗ್ಗಿಸಿದನು. 1897ರ ಜೂನ್ 22ರಂದು ಚಾಪೇಕರ್ ಸೋದರರು ಅವನನ್ನು ಗುಂಡಿಟ್ಟರು. ಮರುವರ್ಷವೇ ನಮ್ಮ ಹುಬ್ಬಳ್ಳಿಯಲ್ಲಿ ಡಾಕ್ಟರ್ ಲ್ಯೂಮನ್ನರು ಹಾಫ್ಕಿನರ ಲಸಿಕೆಯನ್ನು 35,000ಕ್ಕೂ ಮಿಕ್ಕಿದ ಜನರಿಗೆ ಹಾಕಿದರು. ಜನರು ತೋಳು ಚಾಚದೆ ಇಷ್ಟು ದೊಡ್ಡ ಕೆಲಸ ಆಗುವಂತಿರಲಿಲ್ಲ. ಸಿಪಾಯಿಯಿಂದಾಗದ್ದು ಸೂಜಿಯಿಂದಾಯಿತು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಆದವಾನಿ, ಆಲೂರುಗಳು ಕರ್ನೂಲು ಜಿಲ್ಲೆಗೆ ಸೇರಿದುವು. ಬಳ್ಳಾರಿ ಮೈಸೂರಿಗೆ ಹೋಯಿತು. ತುಂಗಭದ್ರೆಯ ಕೆಳಮಟ್ಟದ ಕಾಲುವೆ ಎರಡೂ ಕಡೆಗೆ ಹರಿಯುತ್ತದೆ. ರೋಗಕ್ಕೂ ಗಡಿಯ ಅರಿವಿಲ್ಲ. 2020ರ ಮಾರ್ಚಿ 25ರಂದು ಕೋವಿಡ್ ನಿಮಿತ್ತ ದೇಶವೆಲ್ಲ ಬಾಗಿಲು ಮುಚ್ಚಿದಾಗ, ಮೆಣಸಿನಕಾಯಿ ಬಿಡಿಸಲು ಗುಂಟೂರಿಗೂ ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೂ ಗುಳೆ ಹೋಗುವ ನಮ್ಮ ಜನ ದಾರಿಯಲ್ಲಿ ಸಿಕ್ಕಿಬಿದ್ದರು. ಆ ಏಪ್ರಿಲಿನಲ್ಲಿ ಆಂಧ್ರಪ್ರದೇಶದಲ್ಲಿ ಅತಿ ಹೆಚ್ಚು ಸೋಂಕು ಕಂಡ ಜಿಲ್ಲೆಗಳಲ್ಲಿ ಕರ್ನೂಲು ಒಂದು. ಆಶಾ ಕಾರ್ಯಕರ್ತೆಯರೂ ಗ್ರಾಮ ಸ್ವಯಂಸೇವಕರೂ ಮನೆಮನೆಗೆ ಹೋಗಿ ಜ್ವರ, ಕೆಮ್ಮುಗಳ ವಿವರ ಬರೆದುಕೊಂಡರು. ಹಿಂದೆ ಕರಣಿಕನ ದಫ್ತರದಲ್ಲಿ ಬರೆಯುತ್ತಿದ್ದುದು ಈಗ ಮೊಬೈಲಿನಲ್ಲಿ, ಅಷ್ಟೆ.

ಆದರೆ ಒಂದು ವಿಷಯದಲ್ಲಿ ನಮ್ಮ ಸ್ಥಿತಿ 1876ಕ್ಕಿಂತ ತೊಡಕಿನದು. ಅಂದು ಆದವಾನಿಗೂ ಬಳ್ಳಾರಿಗೂ ಒಬ್ಬನೇ ಕಲೆಕ್ಟರು. ಇಂದು ಆಲೂರಿನ ಗರ್ಭಿಣಿಗೆ ಹತ್ತಿರದ ದೊಡ್ಡ ಊರು ಬಳ್ಳಾರಿಯೇ, ಆದರೆ ಅದು ಬೇರೆ ರಾಜ್ಯ. ಗಡಿಯಲ್ಲಿ ಅಡ್ಡಗಂಬ ಬಿದ್ದರೆ ಯಾರ ಚೀಟಿ ತೋರಿಸಿ ದಾಟಬೇಕು, ಕನ್ನಡ ಮನೆಮಾತಿನ ಹಳ್ಳಿಗೆ ಎಚ್ಚರಿಕೆಯ ಮಾತು ಯಾವ ಭಾಷೆಯಲ್ಲಿ ಬರಬೇಕು, ಎರಡು ಜಿಲ್ಲೆಗಳ ಕಲೆಕ್ಟರುಗಳೂ ವೈದ್ಯಾಧಿಕಾರಿಗಳೂ ಎಲ್ಲಿ ಕೂಡಬೇಕು, ಇವನ್ನು ಕ್ಷಾಮ ಸಂಹಿತೆಯಂತೆ ಒಳ್ಳೆಯ ಕಾಲದಲ್ಲಿಯೇ ಬರೆದಿಡಬೇಕಾಗಿದೆ. ನಮ್ಮ ಕನ್ನಡ ಶಾಲೆಗಳ ಉಪಾಧ್ಯಾಯರಿಗೆ ಎರಡು ಭಾಷೆಗಳೂ ಬರುತ್ತವೆ. ಆ ಎಚ್ಚರಿಕೆಯ ಕರಪತ್ರವನ್ನು ಕನ್ನಡಕ್ಕೆ ತರುವ ಕೆಲಸವನ್ನು ನಮ್ಮ ಸಂಘವೇ ವಹಿಸಿಕೊಳ್ಳಬಹುದೆಂದು ನನ್ನ ಸೂಚನೆ.