ಬಾಳಿಕೆಯ ಬಟ್ಟೆಗೊಂದು ಅಂಗಡಿ

ಸಾಗರ ತಾಲ್ಲೂಕಿನ ಹೆಗ್ಗೋಡಿಗೆ ಹೊಂದಿಕೊಂಡಿರುವ ಭೀಮನಕೋಣೆ ನೇಕಾರರ ಊರಲ್ಲ. ಇಳಕಲ್ಲು, ಗುಳೇದಗುಡ್ಡ, ಮೊಳಕಾಲ್ಮೂರುಗಳಲ್ಲಿ ಮಗ್ಗ ತಲೆಮಾರುಗಳಿಂದ ಬಂದ ಕಸುಬು. ಇಲ್ಲಿದ್ದದ್ದು ಅಡಿಕೆ ತೋಟ, ಗದ್ದೆ, ಕೂಲಿ. ಅಂಥ ಕಡೆ 1990ರ ದಶಕದಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ ಹುಟ್ಟಿದ ಚರಕ ಮಹಿಳಾ ಸಹಕಾರ ಸಂಘ, ಹಳ್ಳಿಯ ಹೆಣ್ಣುಮಕ್ಕಳಿಗೆ ನೇಯ್ಗೆ, ಬಣ್ಣಗಾರಿಕೆ, ಹೊಲಿಗೆ ಕಲಿಸಿತು. ಬಾಳಿಕೆ ಬರುವ ಬಟ್ಟೆಗೆ ಪರಂಪರೆಯ ನೇಕಾರರೇ ಬೇಕೆಂಬ ನಂಬಿಕೆ ಇದರಿಂದ ಸಡಿಲವಾಗುತ್ತದೆ. ಮಗ್ಗದ ಕೆಲಸವನ್ನು ಹೊಸಬರಿಗೂ ಕಲಿಸಬಹುದು. ನಿಜವಾಗಿ ಕಷ್ಟದ್ದು ಅಂಗಡಿ. ನೇಯ್ದವರಿಗೂ ಉಡುವವರಿಗೂ ನಡುವೆ ದಲ್ಲಾಳಿ ಬಂದರೆ ಮೊದಲು ಕಡಿತವಾಗುವುದು ಕೂಲಿ, ಆಮೇಲೆ ಗುಣಮಟ್ಟ. ಇದನ್ನು ಅರಿತು ‘ದೇಸಿ’ ಎಂಬ ಟ್ರಸ್ಟ್ ತನ್ನದೇ ಅಂಗಡಿಗಳನ್ನು ತೆರೆದು ಚರಕದ ಜುಬ್ಬಾ, ಕುರ್ತಾಗಳನ್ನು ನೇರವಾಗಿ ಮಾರಿತು. ಆ ಕಾಲಕ್ಕೆ ಇದು ದಿಟ್ಟ ಹೆಜ್ಜೆ.

ಸಹಜ ಬಣ್ಣ ನಾಲ್ಕು ಒಗೆತಕ್ಕೇ ಮಾಸುತ್ತದೆ, ಅದನ್ನು ಬಾಳಿಕೆ ಎನ್ನುವುದು ಹೇಗೆ ಎಂಬ ಆಕ್ಷೇಪ ಹಳೆಯದು. ಕಾಟಾಚಾರಕ್ಕೆ ಬಣ್ಣ ಹಾಕಿದರೆ ಅದು ನಿಜವೇ. ಆದರೆ ಚರಕದ ಮುಖ್ಯ ಬಣ್ಣಗಳಲ್ಲೊಂದು ಅಡಿಕೆ ಚೊಗರು: ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಪುಗಂದು ರಸ. ಅದರಲ್ಲಿರುವ ಒಗರಿನ ಅಂಶ, ಅಂದರೆ ಟ್ಯಾನಿನ್, ಹತ್ತಿಯ ಎಳೆಗೆ ಅಂಟುವ ಗುಣದ್ದು. ಪಟಿಕ ಸೇರಿದರೆ ಆ ಹಿಡಿತ ಗಟ್ಟಿಯಾಗುತ್ತದೆ, ಕಬ್ಬಿಣದ ಅಂಶ ಸೇರಿದರೆ ಬಣ್ಣ ಕಪ್ಪಿಗೆ ತಿರುಗುತ್ತದೆ. ಊರಿನ ಬೆಳೆಯ ಉಳಿಕೆಯೇ ಊರಿನ ಬಟ್ಟೆಯ ಗುರುತಾದದ್ದು ಮಲೆನಾಡಿಗೆ ಸಂದ ಗೌರವವೆಂದೇ ನಾನು ತಿಳಿಯುತ್ತೇನೆ. ನೂಲನ್ನು ಮಾತ್ರ ಹೊರಗಿನಿಂದ ತರಿಸಬೇಕು, ಹತ್ತಿ ಇಲ್ಲಿ ಬೆಳೆಯುವುದಿಲ್ಲ.

ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ: ಇಷ್ಟೆಲ್ಲ ಇದ್ದೂ 2020ರಲ್ಲಿ ಕೋವಿಡ್ ಕಾಲದಲ್ಲಿ ಮಾರಾಟ ಕುಸಿದು, ಕೆಲಸ ನಿಲ್ಲಿಸುವುದಾಗಿ ಚರಕ ಘೋಷಿಸಬೇಕಾಯಿತಲ್ಲ? ಅದನ್ನು ಬಟ್ಟೆಯ ಸೋಲೆಂದು ಓದುವುದು ತಪ್ಪು. ಗಟ್ಟಿ ಜುಬ್ಬಾ ಕೊಂಡವರು ಬೇಗನೆ ಇನ್ನೊಂದಕ್ಕೆ ಬರುವುದಿಲ್ಲ; ಹಾಗಾಗಿ ಇಂಥ ಬ್ರಾಂಡ್ ಹಳೆಯ ಗಿರಾಕಿಗಳನ್ನೇ ನಂಬಿ ಕೂರುವಂತಿಲ್ಲ, ಹೊಸಬರನ್ನು ಹುಡುಕುತ್ತಲೇ ಇರಬೇಕು. 2017ರಲ್ಲಿ ಬಂದ ಜಿಎಸ್‌ಟಿ 1000 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಶೇ 5, ಅದಕ್ಕೆ ಮೀರಿದ್ದಕ್ಕೆ ಶೇ 12 ತೆರಿಗೆ ಹಾಕಿತು. ಕೈಕೆಲಸ ಹೆಚ್ಚಿದಷ್ಟೂ ಬೆಲೆ ಏರುವುದರಿಂದ, ದುಡಿದು ಮಾಡಿದ ಬಟ್ಟೆಯೇ ಹೆಚ್ಚಿನ ತೆರಿಗೆಯತ್ತ ಸರಿಯಿತು. ಕೈಉತ್ಪನ್ನಗಳಿಗೆ ಶೂನ್ಯ ಕರ ಬೇಕೆಂದು ಪ್ರಸನ್ನ ಉಪವಾಸ ಕೂತದ್ದು ಈ ಕಾರಣಕ್ಕೆ, ಆ ಬೇಡಿಕೆ ನ್ಯಾಯವಾದದ್ದು. ತೆರಿಗೆ ತೆಗೆದರೂ ಬಂಡವಾಳದ ತೊಡಕು ಉಳಿಯುತ್ತದೆ. ನೂಲಿಗೆ, ಬಣ್ಣಕ್ಕೆ, ಕೂಲಿಗೆ ಮೊದಲೇ ಹಣ ಬೇಕು. ಬಟ್ಟೆಯ ಹಣ ಕೈಸೇರುವುದು ಮಾರಾಟವಾದ ಮೇಲೆ. ಈ ನಡುವಿನ ತಿಂಗಳುಗಳಿಗೆ ಕಡಿಮೆ ಬಡ್ಡಿಯ ಸಾಲವೋ ಗಿರಾಕಿಗಳ ಮುಂಗಡವೋ ಇಲ್ಲದಿದ್ದರೆ, ಎಷ್ಟೇ ಒಳ್ಳೆಯ ನೇಯ್ಗೆಯಾದರೂ ಗೋದಾಮಿನಲ್ಲಿ ಉಳಿದ ಮಾಲಾಗುತ್ತದೆ.