ಸಂವಿಧಾನದ ಬಾಯಿಪಾಠ

ನಮ್ಮ ಹಿರಿಯರು ಬಾಯಿಪಾಠಕ್ಕೆ ಕೊಟ್ಟಿದ್ದ ಬೆಲೆ ಸಾಮಾನ್ಯವಾದುದಲ್ಲ. ಕಾಲು, ಅರೆ, ಮುಕ್ಕಾಲಿನ ಮಗ್ಗಿ ಬಾರದ ಹುಡುಗನನ್ನು ಕೂಲಿಮಠದ ಅಯ್ಯನವರು ಮುಂದಿನ ಲೆಕ್ಕಕ್ಕೆ ಬಿಡುತ್ತಿರಲಿಲ್ಲ. ನಿಘಂಟನ್ನೂ ಶ್ಲೋಕರೂಪದಲ್ಲಿ ರಚಿಸಿ ಕಂಠಸ್ಥ ಮಾಡಿಸಿದ ದೇಶ ನಮ್ಮದು. ಆದರೆ ನಮ್ಮೆಲ್ಲರ ಬಾಳಿಗೆ ಆಧಾರವಾದ ಭಾರತ ಸಂವಿಧಾನದಲ್ಲಿ ಎಲ್ಲಿ ಏನಿದೆ ಎಂದು ಕೇಳಿದರೆ ಓದಿದವರೂ ತಲೆ ತುರಿಸಿಕೊಳ್ಳುತ್ತಾರೆ. ಬ್ಯಾಂಕು, ರೈಲ್ವೆ, ಸರ್ಕಾರಿ ಪರೀಕ್ಷೆಗಳಿಗೆ ಕುಳಿತ ಮಕ್ಕಳು ಮಾತ್ರ ಅಬಿಡ್ಸಿನ ಫುಟ್‌ಪಾತಿನಲ್ಲಿ ರವಿವಾರ ಹರಡುವ ಹಳೆಯ ಪುಸ್ತಕಗಳಿಂದ ಗೈಡುಗಳನ್ನು ಆರಿಸಿ ತಂದು, ಇಂಗ್ಲಿಷ್ ಅಕ್ಷರಗಳನ್ನು ಪೋಣಿಸಿದ ಸೂತ್ರಗಳನ್ನು ಉರು ಹೊಡೆಯುತ್ತಾರೆ. ಪರೀಕ್ಷೆ ಮುಗಿದ ಮರುದಿನ ಸೂತ್ರ ಮರೆತುಹೋಗುತ್ತದೆ. ಕಾರಣ ಸ್ಪಷ್ಟ. ಚರಿತ್ರೆಯನ್ನು ಬಿಟ್ಟು ಬರಿಯ ಅಂಕಿಯನ್ನು ಹಿಡಿದರೆ ಅಂಕಿ ನಿಲ್ಲುವುದಿಲ್ಲ.

ಆ ಚರಿತ್ರೆಯನ್ನೇ ಮೊದಲು ನೋಡೋಣ. ಸಂವಿಧಾನ ಸಭೆಯು ೧೯೪೬ರ ಡಿಸೆಂಬರ್ ೯ರಂದು ಮೊದಲ ಬಾರಿ ಸೇರಿತು. ಅದರ ಸಲಹೆಗಾರರಾಗಿದ್ದವರು ಮಂಗಳೂರು ಸೀಮೆಯ ಬೆನಗಲ್ ನರಸಿಂಗರಾಯರು. ಅವರು ಸಿದ್ಧಪಡಿಸಿದ ಮೊದಲ ಕರಡಿನಲ್ಲಿ ೨೪೩ ವಿಧಿಗಳೂ ೧೩ ಅನುಸೂಚಿಗಳೂ ಇದ್ದವು. ಡಾ. ಅಂಬೇಡ್ಕರರ ಅಧ್ಯಕ್ಷತೆಯ ಕರಡು ಸಮಿತಿಯ ಕೈಯಲ್ಲಿ ಅದು ೩೧೫ ವಿಧಿ, ೮ ಅನುಸೂಚಿಗಳಾಯಿತು. ೧೯೪೯ರ ನವೆಂಬರ್ ೨೬ರಂದು ಅಂಗೀಕಾರವಾದಾಗ ೩೯೫ ವಿಧಿ, ೨೨ ಭಾಗ, ೮ ಅನುಸೂಚಿಗಳಿದ್ದವು. ಇಂದಿಗೂ ಕೊನೆಯ ವಿಧಿಯ ಸಂಖ್ಯೆ ೩೯೫ ಆಗಿಯೇ ಉಳಿದಿದೆ. ಅನುಸೂಚಿಗಳು ಮಾತ್ರ ೧೨ ಆಗಿವೆ.

ಇಷ್ಟೊಂದು ತಿದ್ದುಪಡಿಗಳಾದರೂ ಸಂಖ್ಯೆ ಹೇಗೆ ಬದಲಾಗಲಿಲ್ಲ? ಹಳೆಯ ಕಾಲದ ಲೆಜರ್ ಬರೆದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ನಡುವೆ ಹೊಸ ಖಾತೆ ಬಂದರೆ ಮುಂದಿನ ಪುಟಗಳ ಸಂಖ್ಯೆಯನ್ನೆಲ್ಲ ತಿದ್ದುವುದಿಲ್ಲ. ೨೧-ಎ, ೫೧-ಎ ಎಂದು ಬರೆದು ಸೇರಿಸುತ್ತಾರೆ. ಖಾತೆ ಮುಚ್ಚಿದರೆ ಪುಟವನ್ನು ಖಾಲಿ ಬಿಡುತ್ತಾರೆ. ಹಾಗೆ ಖಾಲಿ ಬಿಟ್ಟ ಪುಟವೊಂದು ಸಂವಿಧಾನದಲ್ಲಿದೆ. ಆರನೆಯ ಭಾಗ ಮುಗಿದೊಡನೆ ಎಂಟನೆಯ ಭಾಗ ಬರುತ್ತದೆ. ಏಳನೆಯ ಭಾಗ ಇಲ್ಲ.

ಆ ಖಾಲಿ ಜಾಗವೇ ನಮ್ಮ ರಾಜ್ಯೋತ್ಸವದ ಕುರುಹು. ೧೯೫೦ರಲ್ಲಿ ರಾಜ್ಯಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದ್ದರು. ಕನ್ನಡಿಗರು ಆ ಮೂರು ಪಂಕ್ತಿಗಳಲ್ಲಿಯೂ ಹರಿದು ಹಂಚಿಹೋಗಿದ್ದರು. ಮುಂಬಯಿ ಮತ್ತು ಮದ್ರಾಸಿನ ಕನ್ನಡಿಗರು ಎ, ಮೈಸೂರು ಮತ್ತು ಹೈದರಾಬಾದಿನವರು ಬಿ, ಕೊಡಗಿನವರು ಸಿ. ಏಳನೆಯ ಭಾಗವು ಬಿ ವರ್ಗದ ರಾಜ್ಯಗಳಿಗೆ ಮೀಸಲಾಗಿತ್ತು. ೧೯೫೬ರ ಏಳನೆಯ ತಿದ್ದುಪಡಿ ಈ ಪಂಕ್ತಿಭೇದವನ್ನು ತೊಡೆದುಹಾಕಿತು. ಆ ವರ್ಷದ ನವೆಂಬರ್ ೧ರಂದು ಬೀದರ, ಗುಲಬರ್ಗಾ, ರಾಯಚೂರುಗಳು ಮೈಸೂರು ರಾಜ್ಯವನ್ನು ಸೇರಿದವು. ಹೈದರಾಬಾದ್ ನಗರವು ಆಂಧ್ರಪ್ರದೇಶಕ್ಕೆ ಹೋಯಿತು. ಏಳನೆಯ ತಿದ್ದುಪಡಿಯಿಂದ ಏಳನೆಯ ಭಾಗ ಹೋಯಿತು ಎಂಬಷ್ಟನ್ನು ಮನಸ್ಸಿನಲ್ಲಿಟ್ಟರೆ ಸಾಕು, ಮರೆಯಬೇಕೆಂದರೂ ಮರೆಯದು. ಅದೇ ತಿದ್ದುಪಡಿಯಲ್ಲಿ ಒಂಬತ್ತನೆಯ ಭಾಗವೂ ಹೋಯಿತು. ಆದರೆ ಆ ಖಾಲಿ ಪುಟದಲ್ಲಿ ೧೯೯೨ರ ತಿದ್ದುಪಡಿಯ ಮೂಲಕ ಪಂಚಾಯತಿಗಳನ್ನು ಬರೆದರು. ಏಳನೆಯದನ್ನು ಯಾರೂ ತುಂಬಲಿಲ್ಲ.

ಇನ್ನು ೧೨ ಅನುಸೂಚಿಗಳು. ಇವನ್ನು ಊರು ಬಿಟ್ಟು ಬಂದ ಒಬ್ಬ ಕನ್ನಡಿಗನ ಕಥೆಯಾಗಿ ಮಕ್ಕಳಿಗೆ ಹೇಳಬಹುದು. ಅವನು ರಾಜ್ಯದ ಗಡಿ ದಾಟಿದ (೧, ರಾಜ್ಯಗಳು). ಸಂಬಳ ಗೊತ್ತಾಯಿತು (೨, ವೇತನ). ಪ್ರಮಾಣ ಮಾಡಿ ಕೆಲಸಕ್ಕೆ ಸೇರಿದ (೩, ಪ್ರಮಾಣವಚನ). ಕೂರಲು ಕುರ್ಚಿ ದೊರೆಯಿತು (೪, ರಾಜ್ಯಸಭೆಯ ಸ್ಥಾನಗಳು). ಗುಡ್ಡಗಾಡಿಗೆ ವರ್ಗವಾಯಿತು (೫, ಅನುಸೂಚಿತ ಪ್ರದೇಶಗಳು). ಅಲ್ಲಿಂದ ಅಸ್ಸಾಮಿನ ಕಡೆಗೆ ಕಳುಹಿಸಿದರು (೬, ಅಸ್ಸಾಂ, ಮೇಘಾಲಯ, ತ್ರಿಪುರ, ಮಿಜೋರಾಮಿನ ಬುಡಕಟ್ಟು ಪ್ರದೇಶಗಳು). ಹಿಂದಿರುಗುವಷ್ಟರಲ್ಲಿ ಮನೆಯ ಆಸ್ತಿ ಮೂರು ಪಾಲಾಗಿತ್ತು (೭, ಕೇಂದ್ರ, ರಾಜ್ಯ, ಸಮವರ್ತಿ ಎಂಬ ಮೂರು ಪಟ್ಟಿಗಳು). ಪಾಲಾದರೂ ಆಡುವ ಮಾತು ಒಂದೇ ಉಳಿಯಿತು (೮, ಭಾಷೆಗಳು). ಹೊಲದ ವ್ಯಾಜ್ಯ ಕೋರ್ಟಿನ ಮೆಟ್ಟಿಲು ಹತ್ತಬಾರದೆಂದು ಕಟ್ಟು ಮಾಡಿಕೊಂಡರು (೯, ಭೂಸುಧಾರಣೆಯ ಕಾಯಿದೆಗಳನ್ನು ಕೋರ್ಟಿನ ಆಕ್ಷೇಪದಿಂದ ಕಾಯಲು ೧೯೫೧ರಲ್ಲಿ ಸೇರಿಸಿದ್ದು). ಆದರೂ ಒಬ್ಬ ತಮ್ಮ ಪಕ್ಷ ಬದಲಾಯಿಸಿದ (೧೦, ಪಕ್ಷಾಂತರ, ೧೯೮೫). ಊರ ಪಂಚರು ಕೂಡಿದರು (೧೧, ಪಂಚಾಯತಿ). ಕೊನೆಗೆ ಇವನು ಪಟ್ಟಣದಲ್ಲಿಯೇ ನೆಲೆ ನಿಂತ (೧೨, ನಗರಸಭೆ). ಎರಡು ಸಲ ಕೇಳಿದ ಮಗು ಮೂರನೆಯ ಸಲ ತಾನೇ ಹೇಳುತ್ತದೆ.

ವಿಧಿಗಳ ಸಂಖ್ಯೆಗಂತೂ ನಮ್ಮ ಪೂರ್ವಿಕರು ಒಂದು ಉಪಾಯವನ್ನು ಬಿಟ್ಟುಹೋಗಿದ್ದಾರೆ. ಅದು ಕಟಪಯಾದಿ ಪದ್ಧತಿ. ಕ ಮೊದಲಾಗಿ ಝ ವರೆಗೆ ಒಂದರಿಂದ ಒಂಬತ್ತು. ಟ ಮೊದಲಾಗಿ ಧ ವರೆಗೆ ಮತ್ತೆ ಒಂದರಿಂದ ಒಂಬತ್ತು. ಪ ದಿಂದ ಮ ವರೆಗೆ ಒಂದರಿಂದ ಐದು. ಯ ದಿಂದ ಹ ವರೆಗೆ ಒಂದರಿಂದ ಎಂಟು. ಞ ಮತ್ತು ನ ಸೊನ್ನೆ. ಗುಣಿತದ ಸ್ವರಕ್ಕೆ ಬೆಲೆಯಿಲ್ಲ. ಬಂದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಸಂಗೀತ ಕಲಿಯುವ ನಮ್ಮ ಹೆಣ್ಣುಮಕ್ಕಳಿಗೆ ಇದು ಹೊಸತಲ್ಲ. ಮಾಯಾಮಾಳವಗೌಳದಲ್ಲಿ ಮ ಐದು, ಯ ಒಂದು. ತಿರುವಿದರೆ ೧೫ನೆಯ ಮೇಳ. ಧೀರಶಂಕರಾಭರಣದಲ್ಲಿ ಧ ಒಂಬತ್ತು, ರ ಎರಡು. ಅದು ೨೯ನೆಯ ಮೇಳ.

ಎಪ್ಪತ್ತೆರಡು ಮೇಳಗಳಿಗೆ ಸಲ್ಲುವ ಉಪಾಯ ಸಂವಿಧಾನಕ್ಕೆ ಸಲ್ಲದೆ? ಸಮಾನತೆಯ ವಿಧಿ ೧೪, ಕೀಲಿಪದ ‘ವಾಯು’. ಗಾಳಿ ಬಡವ ಬಲ್ಲಿದನೆನ್ನದೆ ಎಲ್ಲರಿಗೂ ಒಂದೇ. ಅಸ್ಪೃಶ್ಯತೆಯನ್ನು ಅಳಿಸಿದ ವಿಧಿ ೧೭, ಕೀಲಿಪದ ‘ಸಾಕು’. ಆ ಅನ್ಯಾಯಕ್ಕೆ ಇದಕ್ಕಿಂತ ತಕ್ಕ ಮಾತಿಲ್ಲ. ಹಕ್ಕಿಗೆ ಚ್ಯುತಿ ಬಂದರೆ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಲು ಬಿಡುವ ವಿಧಿ ೩೨, ಕೀಲಿಪದ ‘ಖಗ’. ಹಕ್ಕಿ ದೆಹಲಿಗೆ ಹಾರಿಹೋಗುತ್ತದೆಂದು ತಿಳಿಯಿರಿ. ತಮ್ಮ ಭಾಷೆ, ಲಿಪಿ, ಸಂಸ್ಕೃತಿಗಳನ್ನು ಉಳಿಸಿಕೊಳ್ಳುವ ಹಕ್ಕು ೨೯ನೆಯ ವಿಧಿಯಲ್ಲಿದೆ. ಶಂಕರಾಭರಣದ ‘ಧೀರ’ವೇ ಅದಕ್ಕೂ ಕೀಲಿಪದ. ಭಾಷಾ ಅಲ್ಪಸಂಖ್ಯಾತರು ತಮ್ಮ ಶಾಲೆಗಳನ್ನು ತಾವೇ ಕಟ್ಟಿ ನಡೆಸುವ ಹಕ್ಕು ೩೦ನೆಯ ವಿಧಿಯಲ್ಲಿದೆ. ನ ಸೊನ್ನೆ, ಡ ಮೂರು. ‘ನಾಡು’ ಎಂದರೂ ೩೦, ‘ನುಡಿ’ ಎಂದರೂ ೩೦! ಕಾಚಿಗುಡದಲ್ಲಿ ನೃಪತುಂಗನ ಹೆಸರು ಹೊತ್ತ ಕನ್ನಡಿಗರ ಶಾಲೆಯನ್ನು ಕಂಡವರಿಗೆ ಈ ವಿಧಿಯ ಅರ್ಥವನ್ನು ಬೇರೆ ವಿವರಿಸಬೇಕಾಗಿಲ್ಲ.

ಹೊರನಾಡಿನಲ್ಲಿರುವ ನಮಗೆ ಮುಖ್ಯವಾದ ಸಂಖ್ಯೆ ಇನ್ನೊಂದಿದೆ, ೩೫೦. ಅದರ ಕೀಲಿಪದವೂ ‘ನಮಗೆ’ ಎಂದೇ! ನ ಸೊನ್ನೆ, ಮ ಐದು, ಗ ಮೂರು. ಕುಂದುಕೊರತೆಯ ಅರ್ಜಿಯನ್ನು ಕೇಂದ್ರದಲ್ಲಿ ಅಥವಾ ಆಯಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದೆಂದು ಆ ವಿಧಿ ಹೇಳುತ್ತದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಒದಗಿಸಲು ರಾಜ್ಯ ಯತ್ನಿಸಬೇಕೆಂಬುದು ೩೫೦-ಎ. ಇದನ್ನು ನೋಡಿಕೊಳ್ಳಲು ರಾಷ್ಟ್ರಪತಿಗಳು ವಿಶೇಷಾಧಿಕಾರಿಯನ್ನು ನೇಮಿಸಬೇಕೆಂಬುದು ೩೫೦-ಬಿ. ಈ ಎರಡನ್ನೂ ಸೇರಿಸಿದ್ದು ಅದೇ ೧೯೫೬ರ ಏಳನೆಯ ತಿದ್ದುಪಡಿ. ನಾಡನ್ನು ಒಂದುಗೂಡಿಸಿದ ಕೈಯೇ ಗಡಿಯ ಹೊರಗೆ ಉಳಿದವರನ್ನೂ ನೆನೆಯಿತು. ಗಡಿಯ ಒಳಗೆ ಹೋಗಿಯೂ ಹಿಂದುಳಿದ ಹೈದರಾಬಾದ್-ಕರ್ನಾಟಕದ ಜಿಲ್ಲೆಗಳಿಗಾಗಿ ೨೦೧೨ರ ತೊಂಬತ್ತೆಂಟನೆಯ ತಿದ್ದುಪಡಿ ೩೭೧-ಜೆ ವಿಧಿಯನ್ನು ತಂದಿತು. ೩೭೧ಕ್ಕೆ ‘ಕೂಸಿಗೆ’ ಎಂಬ ಪದವಿರಲಿ. ಸೊರಗಿದ ಕೂಸಿಗೆ ಒಂದು ಮಿಳ್ಳೆ ಹಾಲು ಹೆಚ್ಚು ಎಂಬುದು ಎಲ್ಲ ತಾಯಂದಿರೂ ಬಲ್ಲ ನ್ಯಾಯವೇ.

ಮುದ್ರಿತ ಪುಸ್ತಕವಿರುವಾಗ ಇವನ್ನೆಲ್ಲ ನೆನಪಿಡುವುದೇಕೆ ಎಂದು ಕೆಲವರು ಕೇಳಬಹುದು. ಬ್ಯಾಂಕಿನಲ್ಲಿ ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಹಣ ನಷ್ಟವಾಗುವುದಿಲ್ಲ; ವಾರಸುದಾರನು ಬಂದು ಕೇಳಿದರೆ ದೊರೆಯುತ್ತದೆ. ಆದರೆ ಅಂಥದೊಂದು ಖಾತೆಯಿದೆಯೆಂದು ಅವನಿಗೆ ಗೊತ್ತಿರಬೇಕು. ಅಪ್ಪ ಮಗನಿಗೆ ಹೇಳದೆ ಹೋದ ಖಾತೆಯನ್ನು ಕೇಳುವವರು ಯಾರು? ೩೫೦-ಎ ವಿಧಿಯೂ ಅಂಥ ಠೇವಣಿ. ಅದು ‘ಯತ್ನಿಸಬೇಕು’ ಎನ್ನುತ್ತದೆಯೇ ಹೊರತು ತಾನಾಗಿ ಮನೆಬಾಗಿಲಿಗೆ ಶಾಲೆಯನ್ನು ತಂದು ನಿಲ್ಲಿಸುವುದಿಲ್ಲ. ಕೇಳುವ ತಾಯಿತಂದೆಯರಿದ್ದರೆ ಅದಕ್ಕೆ ಬಲ. ಇಲ್ಲದಿದ್ದರೆ ಅದು ಅಚ್ಚಾದ ಕಾಗದ. ಬೀದಿಯಲ್ಲಿ ತೆಲುಗು, ಅಂಗಡಿಯಲ್ಲಿ ಉರ್ದು, ಶಾಲೆಯಲ್ಲಿ ಇಂಗ್ಲಿಷ್ ಆಡುವ ನಮ್ಮ ಮಕ್ಕಳು ಎಲ್ಲವನ್ನೂ ಕಲಿಯಲಿ, ಕಲಿತಷ್ಟೂ ಲಾಭವೇ. ಮನೆಯ ಮಾತೊಂದನ್ನು ಓದಿ ಬರೆಯಲು ಬಾರದೆ ಉಳಿದರೆ ಮಾತ್ರ ಆ ನಷ್ಟವನ್ನು ಯಾವ ನಿಧಿಯೂ ಮರಳಿ ಕೊಡದು.

ಆದುದರಿಂದ ಈ ರಾಜ್ಯೋತ್ಸವದಂದು ಪ್ರತಿಯೊಂದು ಕನ್ನಡ ಮನೆಯಲ್ಲಿಯೂ ಮಕ್ಕಳಿಗೆ ಮೂರು ಮಾತುಗಳನ್ನು ಕಲಿಸೋಣ: ಏಳನೆಯ ಭಾಗ ಏಕಿಲ್ಲ, ‘ನುಡಿ’ ಎಂದರೆ ಎಷ್ಟು, ‘ನಮಗೆ’ ಎಂದರೆ ಎಷ್ಟು. ಇಷ್ಟು ಬಾಯಿಗೆ ಬಂದರೆ ಉಳಿದ ಸಂವಿಧಾನವನ್ನು ಅವರೇ ತೆರೆದು ಓದಿಯಾರು.